ಲಾಭದ ಟೇಕು

ಶೆಟ್ಟೆಪ್ಪ ಮೇಸ್ತ್ರಿ ಸುತ್ತಿಗೆಯ ಹಿಂಬದಿಯಿಂದ ಸ್ಲ್ಯಾಬಿನ ಅಡಿಗೆ ಟೇಕಾಗಿ ನಿಲ್ಲಿಸಿದ ಮೊದಲನೆಯ ಬಲ್ಲಿಗೆ ಮೆಲ್ಲಗೆ ತಟ್ಟಿದ. ಮರಕ್ಕೆ ಕಿವಿ ಹಚ್ಚಿ ಆಲಿಸಿದ. ಸ್ಲ್ಯಾಬಿನ ಭಾರ ಹೊತ್ತು ಬಿಗಿಯಾಗಿ ನಿಂತ ಬಲ್ಲಿಗೆ ಒಂದು ದನಿ, ಬುಡ ಸಡಿಲವಾದದ್ದಕ್ಕೆ ಇನ್ನೊಂದು ದನಿ.

“ಲಾಭ,” ಎಂದ.

ಮುಂದಿನದಕ್ಕೆ ತಟ್ಟಿದ. “ಎರಡು.” ಅದರ ಮುಂದಿನದಕ್ಕೆ ತಟ್ಟಿದ. “ಮೂರು.”

ಕಂಬಕ್ಕೆ ಒರಗಿ, ಠಾಣೆಗೆ ಕೊಡಲೆಂದು ಟೇಕುಗಳ ಲೆಕ್ಕ ಬರೆದುಕೊಳ್ಳುತ್ತಿದ್ದ ಕೇಶವಮೂರ್ತಿಯ ಪೆನ್ಸಿಲು ನಿಂತುಹೋಯಿತು.

ಶೆಟ್ಟೆಪ್ಪ ತಟ್ಟುತ್ತ, ಎಣಿಸುತ್ತ ಸಾಲಿನ ಕೊನೆಗೆ ಹೋಗಿ ಹದಿಮೂರಕ್ಕೆ ಸುತ್ತಿಗೆ ಇಳಿಸಿದ. ಕೇಶವಮೂರ್ತಿಯ ಕಿವಿಯಲ್ಲಿ ಇನ್ನೂ ಮೊದಲಿನ ಮಾತೇ ಇತ್ತು.

“ಮೇಸ್ತ್ರಿ, ಮೊದಲನೆಯದಕ್ಕೆ ಏನಂದಿರಿ?”

“ಲಾಭ ಅಂದ್ನಿರಿ.”

“ಹಾಗಂದರೆ?”

ಶೆಟ್ಟೆಪ್ಪ ಅವನ ಕನ್ನಡಕವನ್ನೂ ಇಸ್ತ್ರಿಯ ಷರ್ಟನ್ನೂ ಒಮ್ಮೆ ನೋಡಿದ. “ಒಂದು ಅನಬಾರದ್ರಿ ಸಾಹೇಬ್ರ. ಒಂದು ಅಂದ್ರ ಒಂಟಿ. ನಮ್ಮ ಕಡೆ ಜ್ವಾಳಾ ಅಳ್ಯಾಕ ಕುಂತ್ರೂ ಮದಲಿನ ಸೇರಿಗೆ ಲಾಭ ಅಂತೀವಿ, ಆಮ್ಯಾಲ ಎರಡು. ನಿಮ್ಮ ಮೈಸೂರಾಗ ಒಂಟಿಯಿಂದನ ಸುರು ಮಾಡ್ತೀರೇನು?”

ಅಟ್ಟಣಿಗೆಯ ಮೇಲಿದ್ದ ಇಬ್ಬರು ಕೂಲಿಗಳು ನಕ್ಕರು. ಕೇಶವಮೂರ್ತಿಯ ಅಂಗೈ ಬೆವರಿತು.

ನಿನ್ನೆ ಸಂಜೆ ಠಾಣೆಯಲ್ಲಿ, ಇದೇ ಸೈಟಿನಲ್ಲಿ ಸತ್ತ ಕೂಲಿಯ ಹೆಂಡತಿ ಹಾಲವ್ವ ಹೇಳಿದ ಒಂದು ವಾಕ್ಯದ ಮೇಲೆ ಇಲ್ಲಿನ ಗದಿಗೆಪ್ಪ ಮೇಸ್ತ್ರಿ ಲಾಕಪ್ಪಿಗೆ ಹೋಗಿದ್ದ. ಆ ವಾಕ್ಯವನ್ನು ಕನ್ನಡದಿಂದ ಇಂಗ್ಲಿಷಿಗೆ ಇಳಿಸಿದವನು ಕೇಶವಮೂರ್ತಿ. ‘ಲಾಭ ತಗದಾರ್ರಿ ಯಪ್ಪಾ, ಅದಕ್ಕ ನನ್ನ ಗಂಡ ಹ್ವಾದ.’ ಅವನು ಬರೆದುಕೊಟ್ಟದ್ದು, ಮೇಸ್ತ್ರಿ ಲಾಭ ಮಾಡಿಕೊಂಡ, ಅದರಿಂದ ನನ್ನ ಗಂಡ ಸತ್ತ ಎಂದು.

ಹಾಲವ್ವ ಮೇಸ್ತ್ರಿ ಎಂದಿರಲಿಲ್ಲ. ಯಾರೆಂದೇ ಹೇಳಿರಲಿಲ್ಲ. ಮಾಡಿದವರ ಹೆಸರಿಲ್ಲದೆಯೂ ಕನ್ನಡದ ವಾಕ್ಯ ಪೂರ್ತಿಯಾಗುತ್ತದೆ, ಇಂಗ್ಲಿಷಿನಲ್ಲಿ ಆಗುವುದಿಲ್ಲ. ಇನ್‌ಸ್ಪೆಕ್ಟರ್ ದಳವಿ ಟೈಪ್‌ರೈಟರಿನ ಮುಂದೆ ಕಾಯುತ್ತಿದ್ದರು. ಖಾಲಿ ಉಳಿದ ಜಾಗದಲ್ಲಿ ಕೇಶವಮೂರ್ತಿಯೇ ಮೇಸ್ತ್ರಿಯನ್ನು ತಂದು ಕೂರಿಸಿದ್ದ. ಬಲ್ಲಿಗಳನ್ನು ಕದ್ದು ಮಾರಿ ಲಾಭ ಹೊಡೆದವನು ಎಂಬ ಅರ್ಥ ಆ ಕಾಗದದಿಂದ ತಾನಾಗಿ ಹೊರಟಿತ್ತು.

ಇವತ್ತು ಶುಕ್ರವಾರ. ಮೂರು ಗಂಟೆಗೆ ಗದಿಗೆಪ್ಪನನ್ನು ಕೋರ್ಟಿಗೆ ಕರೆದೊಯ್ಯುತ್ತಾರೆ.

ಅವನು ಕೈ ಒರೆಸಿಕೊಳ್ಳಲು ಜೇಬಿನಿಂದ ಕೆಂಪು ಚೌಕಳಿಯ ಬಟ್ಟೆಯ ಚೂರೊಂದನ್ನು ತೆಗೆದ. ಸೋಮವಾರ ಆಫೀಸಿನ ತನ್ನ ಡ್ರಾಯರಿನಲ್ಲಿ ಸಿಕ್ಕ ಚೂರು ಅದು. ನಿಬ್ಬು ಒರೆಸಲೆಂದು ಜವಾನ ಇಟ್ಟಿರಬೇಕು ಎಂದುಕೊಂಡು ಅಂದಿನಿಂದ ಅದರಲ್ಲೇ ಇಂಕು ಒರೆಸುತ್ತಿದ್ದ. ಹೆಬ್ಬೆರಳಿನ ಮೇಲಿನ ಬ್ಲೇಡಿನ ಗೀರಿಗೆ ಸಿಮೆಂಟಿನ ಧೂಳು ತಾಗಿ ಉರಿಯುತ್ತಿತ್ತು.

ಕಾಂದಿವಲಿಯ ಈ ಕಟ್ಟಡದ ಮೂರನೆಯ ಮಾಳಿಗೆಯ ಸ್ಲ್ಯಾಬು ಪರೀಕ್ಷೆಯಲ್ಲಿ ಸೋತಿತ್ತು. ಕಾಂಕ್ರೀಟು ಉಗುರಿನಲ್ಲಿ ಗೀರಿದರೆ ಉದುರುತ್ತಿತ್ತು. ಒಡೆದು ತೆಗೆಯಬೇಕೆಂದು ಅಪ್ಪಣೆಯಾಗಿತ್ತು. ಅಡಿಗೆ ಮರದ ಟೇಕುಗಳನ್ನು ಆಸರೆ ಕೊಟ್ಟು, ಮೇಲಿನಿಂದ ಪಟ್ಟಿ ಪಟ್ಟಿಯಾಗಿ ಘಣದ ದೊಡ್ಡ ಸುತ್ತಿಗೆಯಿಂದ ಒಡೆದು, ಕಬ್ಬಿಣದ ಸಲಾಕೆಗಳನ್ನು ಕೊನೆಗೆ ಕತ್ತರಿಸುವ ಕೆಲಸ. ಬುಧವಾರ ಬೆಳಿಗ್ಗೆ ಪಶ್ಚಿಮದ ಅರ್ಧ ಒಡೆಯುತ್ತಿದ್ದಾಗ, ಗೋಡೆಯಿಂದ ಹೊರಗೆ ಚಾಚಿದ್ದ ಗ್ಯಾಲರಿ ಒಮ್ಮೆಗೇ ಮಗುಚಿ, ಅದರ ಮೇಲೆ ನಿಂತಿದ್ದ ಅಣವೀರಪ್ಪ ಅದರೊಂದಿಗೇ ಕೆಳಗೆ ಹೋದ. ಹಾಲವ್ವ ಅವನ ಹೆಂಡತಿ.

ಪೂರ್ವದ ಅರ್ಧ ಹಾಗೇ ತೂಗಿ ನಿಂತಿತ್ತು. ಅದನ್ನು ಒಂದು ದಿನವೂ ಬಿಡಬಾರದೆಂದು ಮೇಲಿನಿಂದ ಹುಕುಂ ಬಂದಿತ್ತು. ಹತ್ತು ಗಂಟೆಗೆ ಘಣ ಏಳಲಿತ್ತು. ಈಗ ಎಂಟೂಮುಕ್ಕಾಲು.

ಕೇಶವಮೂರ್ತಿ ಪೊಲೀಸಿನವನಲ್ಲ. ಹಗಲು ದಾದರಿನಲ್ಲಿ ಎಂಜಿನಿಯರ್ ಭೀಮಸೇನರಾಯರ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದ, ಸಂಜೆ ತರಗತಿಗಳಲ್ಲಿ ಆರು ವರ್ಷ ಓದಿ ಡಿಪ್ಲೊಮಾ ಮುಗಿಸಿದ್ದ. ಹಿಂದೆ ಎರಡು ಸಲ ಅವನ ಕಣ್ಣಿಗೆ ಬಿದ್ದ ಸಣ್ಣ ಸಂಗತಿಗಳು ದಳವಿಯವರಿಗೆ ಕಳ್ಳರನ್ನು ಹಿಡಿದುಕೊಟ್ಟಿದ್ದವು. ಅಂದಿನಿಂದ ಅವರು ಕನ್ನಡದ ಸಾಕ್ಷಿ ಬಂದಾಗಲೆಲ್ಲ ಅವನನ್ನು ಕರೆಸುತ್ತಿದ್ದರು. ಪತ್ತೇದಾರ ಎಂದು ಚಾಳಿನವರು ತಮಾಷೆ ಮಾಡಿದರೆ ಅವನಿಗೆ ನಾಚಿಕೆಯಾಗುತ್ತಿತ್ತು. ಬರೆದದ್ದನ್ನು ಮೂರು ಸಲ ತಿದ್ದಿ ನೋಡದೆ ಕೈಬಿಡದವನು ಅವನು. ನಿನ್ನೆ ಮಾತ್ರ ಒಂದೇ ಸಲ ನೋಡಿದ್ದ.

“ಮೇಸ್ತ್ರಿ, ಗ್ಯಾಲರಿಯ ಅಡಿಗೆ ಟೇಕು ಇಲ್ಲವಲ್ಲ?”

“ಕಾಗದದಾಗ ಇಲ್ಲಂತ್ರಿ. ಸುಪರ್‌ವೈಜರ್ ಸಾಹೇಬ್ರು ಹದಿಮೂರ ಅಂದಾರ, ಹದಿಮೂರ ಅದಾವ.”

ಸಂಜೆ ತರಗತಿಯ ಮೇಷ್ಟ್ರು ಒಮ್ಮೆ ಕೇಶವಮೂರ್ತಿಯನ್ನೂ ಪಕ್ಕದವನನ್ನೂ ಬೆಂಚಿನ ಎರಡು ತುದಿಯಲ್ಲಿ ಕೂರಿಸಿ, ಪಕ್ಕದವನಿಗೆ ಏಳು ಎಂದಿದ್ದರು. ಅವನು ಎದ್ದ, ಬೆಂಚು ಮಗುಚಿ ಕೇಶವಮೂರ್ತಿ ನೆಲಕ್ಕೆ ಬಿದ್ದ, ತರಗತಿ ಬಿದ್ದು ಬಿದ್ದು ನಕ್ಕಿತು. ಇದೇ ಗ್ಯಾಲರಿ ಕಣ್ರಪ್ಪಾ ಎಂದರು ಮೇಷ್ಟ್ರು. ಒಳಗಿನ ಸ್ಲ್ಯಾಬು ಕೂತಿರುವ ತನಕ ಹೊರಗಿನದು ನಿಂತಿರುತ್ತದೆ. ಒಳಗಿನದನ್ನು ಒಡೆಯುವ ಮೊದಲು ಹೊರಗಿನದಕ್ಕೆ ಆಸರೆ ಕೊಡದಿದ್ದರೆ ಮಗುಚುತ್ತದೆ.

ಹತ್ತು ಗಂಟೆಗೆ ಈ ಸ್ಲ್ಯಾಬೂ ಹಾಗೇ ಮಗುಚುತ್ತದೆ.

ಟೇಕು ಹಚ್ಚುವವರೆಗೆ ಘಣ ಎತ್ತಬೇಡಿ ಎಂದು ಕೇಶವಮೂರ್ತಿ ಬೇಡಿಕೊಂಡ. ಶೆಟ್ಟೆಪ್ಪ ಅವನ ಮಾತನ್ನು ತೆಗೆದುಹಾಕಲಿಲ್ಲ, ಗ್ಯಾಲರಿಯ ಕಡೆ ಒಮ್ಮೆ ಕಣ್ಣು ಹಾಯಿಸಿದ. ಆದರೆ ಗದಿಗೆಪ್ಪ ಒಳಗೆ ಕೂತಿರುವಾಗ ತಾನು ಕಾಗದ ಮೀರಿದರೆ ತನಗೂ ಅದೇ ಗತಿ ಎಂದ. ಸುಪರ್‌ವೈಜರರಿಂದ ಚೀಟಿ ತಂದರೆ ಸರಿ, ಇಲ್ಲದಿದ್ದರೆ ಹತ್ತಕ್ಕೆ ಕೆಲಸ ಸುರು.

ಚೀಟಿ ಕೇಳುವ ಮೊದಲು ಹಾಲವ್ವನ ಬಾಯಿಂದ ಆ ವಾಕ್ಯವನ್ನು ಇನ್ನೊಮ್ಮೆ ಕೇಳಬೇಕಿತ್ತು.

ಅವಳು ತಗಡಿನ ಶೆಡ್ಡಿನ ಮುಂದೆ ಕೂತಿದ್ದಳು. ಮೈಮೇಲಿನ ಸೀರೆಗೆ ಇನ್ನೂ ಅವತ್ತಿನ ಸುಣ್ಣದ ಧೂಳಿತ್ತು. ಪಕ್ಕದಲ್ಲಿ ಅಣವೀರಪ್ಪನ ಟೈರಿನ ಚಪ್ಪಲಿಗಳನ್ನು ಯಾರೋ ಜೋಡಿಸಿಟ್ಟಿದ್ದರು. ಕೇಶವಮೂರ್ತಿ ಸ್ವಲ್ಪ ದೂರದಲ್ಲಿ ಇಟ್ಟಿಗೆಯ ಮೇಲೆ ಕೂತ.

“ಹಾಲವ್ವ, ನಿನ್ನೆ ನೀವು ಹೇಳಿದ ಮಾತು ನನಗೆ ಸರಿಯಾಗಿ ತಿಳಿಯಲಿಲ್ಲ. ಲಾಭ ಅಂದರೆ ಮೊದಲನೆಯ ಟೇಕಾ?”

ಅವಳು ತಲೆ ಎತ್ತಿದಳು. “ಮತ್ತೇನು ತಿಳದ್ರಿ?”

ಅವನು ತಾನು ಏನು ತಿಳಿದೆ ಎಂಬುದನ್ನು ಹೇಳಿದ, ಬರೆದುಕೊಟ್ಟದ್ದನ್ನೂ ಹೇಳಿದ. ಹೇಳುವಾಗ ನೆಲ ನೋಡುತ್ತಿದ್ದ.

“ನನ್ನ ಬಾಯಿಲೆ ಗದಿಗೆಪ್ಪಣ್ಣ ಒಳಗ ಹೋದನಾ?” ಎಂದಳು. “ನಾ ಅಂದದ್ದು ಹೊರಗಿನ ಟೇಕಿನ ಮಾತು. ಮಂಗಳವಾರ ಸಂಜೀಕ ಗದಿಗೆಪ್ಪಣ್ಣನ ಹಚ್ಚಿದ್ದ. ಅದಕ ಲಾಭ ಅಂದು, ಕುಂಕುಮಾ ಹಚ್ಚಿ, ನನ್ನ ಕೈಲೆ ಊದಿನಕಡ್ಡಿ ಬೆಳಗಿಸಿದ. ಬುಧವಾರ ನೀರ ತರಾಕ ಬಂದಾಗ ಅದು ಅಲ್ಲಿದ್ದಿಲ್ಲ. ನೆಲದ ಮ್ಯಾಲ ಗುಂಡನ್ನ ಗುರುತು ಒಂದ ಇತ್ತು. ಮ್ಯಾಲ ಇವಂಗ ಕೂಗಿ ಹೇಳೋದ್ರಾಗ…”

ಅವಳು ಚಪ್ಪಲಿಗಳನ್ನು ತನ್ನ ಹತ್ತಿರಕ್ಕೆ ಸರಿಸಿಕೊಂಡಳು.

“ಯಾರು ತೆಗೆದರು?”

“ಅದನ್ನ ನೀವು ನಿನ್ನೆ ಕೇಳಲಿಲ್ಲ.”

ಇಂದು ಕೇಳಿದರೂ ಅವಳಿಗೆ ಗೊತ್ತಿರಲಿಲ್ಲ. ಒಂದನ್ನು ಮಾತ್ರ ಹೇಳಿದಳು. ಬುಧವಾರ ಬೆಳಿಗ್ಗೆ ಏಳಕ್ಕೆ ಗದಿಗೆಪ್ಪನನ್ನು ಮಲಾಡಿಗೆ ಗ್ಯಾಸ್ ಕಟರ್ ತರಲು ಕಳಿಸಿದ್ದರು. ಅವನು ತಿರುಗಿ ಬಂದಾಗ ಕೆಲಸ ಆಗಲೇ ಸುರುವಾಗಿತ್ತು. ಅಂದು ಟೇಕುಗಳನ್ನು ಯಾರೂ ಎಣಿಸಲಿಲ್ಲ.

ಕುಂಕುಮ ಹಚ್ಚಿದ ಬಲ್ಲಿ ಎಲ್ಲಿ ಹೋಯಿತು? ಪಶ್ಚಿಮದ ಅವಶೇಷದಲ್ಲಿ ಮುರಿದು ಬಿದ್ದ ಮರಗಳನ್ನು ಕೇಶವಮೂರ್ತಿ ನಿನ್ನೆಯೇ ಎಣಿಸಿದ್ದ, ಹದಿಮೂರಿದ್ದವು. ಒಂದರ ಮೇಲೂ ಬಣ್ಣವಿರಲಿಲ್ಲ. ಸೈಟಿನಲ್ಲಿ ಒಳ್ಳೆಯ ಮರವನ್ನು ಯಾರೂ ಸುಮ್ಮನೆ ಎಸೆಯುವುದಿಲ್ಲ, ಇನ್ನೊಂದು ಕಡೆ ನಿಲ್ಲಿಸುತ್ತಾರೆ. ಅವನು ನಿಂತಿರುವ ಮರಗಳನ್ನೇ ನೋಡುತ್ತ ನಡೆದ. ನೀರಿನ ಟಾಕಿಯ ಕಾಲುಗಳು, ಬೇಲಿಯ ಗೂಟಗಳು, ಕಾವಲುಗಾರನ ಗುಡಿಸಲು.

ಸಿಮೆಂಟಿನ ಗೋದಾಮಿನ ಮುಂದೆ ತಾಡಪತ್ರಿ ಎತ್ತಿ ಹಿಡಿದಿದ್ದ ನಾಲ್ಕು ಮರಗಳಲ್ಲಿ ಒಂದು ಹೊಸದಾಗಿ ನೆಟ್ಟದ್ದು. ಬುಡದ ಮಣ್ಣು ಇನ್ನೂ ಹಸಿಯಿತ್ತು. ಅವನು ಮೊಣಕಾಲೂರಿ ಬಗ್ಗಿದ. ನೆಲದಿಂದ ಒಂದು ಗೇಣು ಮೇಲೆ ಕುಂಕುಮದ ಮೂರು ಬೆರಳಿನ ಪಟ್ಟೆ, ಅದಕ್ಕಿಂತ ಮೇಲುಗಡೆ ಒಂದು ಬೊಟ್ಟು. ಮನುಷ್ಯರು ಪಟ್ಟೆಗಿಂತ ಮೇಲುಗಡೆ ಬೊಟ್ಟು ಇಡುವುದಿಲ್ಲ. ಮರವನ್ನು ತಲೆಕೆಳಗಾಗಿ ನೆಟ್ಟಿದ್ದರು.

ಗೋದಾಮಿನ ಕೀಲಿಕೈ ಇದ್ದದ್ದು ಒಬ್ಬರ ಹತ್ತಿರ.

ಸುಪರ್‌ವೈಜರ್ ಶಾಮಣ್ಣ ಹಲಗೆಯ ಕೋಣೆಯಲ್ಲಿ ಹಾಜರಿ ಬರೆಯುತ್ತಿದ್ದರು. ಮಂಡ್ಯದ ಕಡೆಯವರು, ಐವತ್ತರ ಹತ್ತಿರದ ವಯಸ್ಸು. ಸಂಜೆ ತರಗತಿಯಲ್ಲಿ ಬೆಂಚಿನ ಇನ್ನೊಂದು ತುದಿಯಿಂದ ಎದ್ದವರು ಅವರೇ. ಬಿದ್ದ ಕೇಶವಮೂರ್ತಿಯನ್ನು ಎತ್ತಿ, ಹೊರಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿದವರೂ ಅವರೇ.

“ಬಾ ಮೂರ್ತಿ. ಕೂತ್ಕೋ. ಏನಯ್ಯ ಮುಖ ಹೀಗಿದೆ?”

ಕೇಶವಮೂರ್ತಿ ಕೂರಲಿಲ್ಲ. “ಗೋದಾಮಿನ ಮುಂದಿನ ಮರ ಎಲ್ಲಿಂದ ಬಂತು ಶಾಮಣ್ಣನವರೆ?”

ಶಾಮಣ್ಣ ಬರೆಯುವುದನ್ನು ನಿಲ್ಲಿಸಿದರು. ಕ್ಯಾಪು ಹಾಕಿ ಪೆನ್ನು ಜೇಬಿಗೆ ಸಿಕ್ಕಿಸಿದರು. ಸುಳ್ಳು ಹೇಳಲು ಅವರು ಒಂದು ಕ್ಷಣ ಯತ್ನಿಸಿದಂತೆ ಕಂಡಿತು.

“ನಾನೇ ತೆಗೆಸಿದೆ,” ಎಂದರು.

“ಗದಿಗೆಪ್ಪನನ್ನು ಮಲಾಡಿಗೆ ಕಳಿಸಿ?”

“ಅವನಿದ್ದರೆ ತೆಗೆಯೋಕೆ ಬಿಡ್ತಿರಲಿಲ್ಲ. ಹಿಂದಿನ ದಿನವೇ ಜಗಳ ಆಗಿತ್ತು. ಕಾಗದದಲ್ಲಿ ಹದಿಮೂರು ಇದೆ, ನೀನು ಹದಿನಾಲ್ಕು ಹಾಕಿದೀಯ ಅಂದೆ. ಗೋಡೆ ಹೊರಗೆ ನಿಂತ ಸ್ಲ್ಯಾಬಿಗೆ ಟೇಕು ಬೇಕೇ ಬೇಕು ಅಂದ. ಓದು ಬರಹ ಇಲ್ಲದವನು ನನಗೆ ಹೇಳ್ತಾನೆ ಅನ್ನಿಸ್ತು. ಅಲ್ಲದೆ ಅದು ಲಾರಿ ಒಳಗೆ ಬರೋ ದಾರಿಗೆ ಅಡ್ಡ ಇತ್ತು.”

“ಅವನು ಲಾಕಪ್ಪಿನಲ್ಲಿದ್ದಾನೆ. ನಿಮಗೆ ಗೊತ್ತಿತ್ತು.”

“ಗೊತ್ತಿತ್ತು.”

“ನಿನ್ನೆ ಸಂಜೆಯಿಂದ ಸುಮ್ಮನಿದ್ದಿರಿ.”

“ಮೂರು ಹೆಣ್ಮಕ್ಕಳಯ್ಯ ನನಗೆ.” ಅವರು ಅದನ್ನು ಹೇಳಿದ ಮೇಲೆ ಹೇಳಬಾರದಿತ್ತೆಂಬಂತೆ ಮುಖ ತಿರುಗಿಸಿದರು. ಹೊರಗೆ ಯಾರೋ ಬಕೀಟಿನಲ್ಲಿ ನೀರು ಹಿಡಿಯುತ್ತಿದ್ದರು.

“ಆ ಬೆಂಚು ಮರೆತುಹೋಯಿತೇ ನಿಮಗೆ?”

“ಮರೆತಿಲ್ಲ ಮೂರ್ತಿ. ಅವತ್ತೂ ನೆನಪಾಯ್ತು. ಟೇಕು ತೆಗೆಸೋ ಮೊದಲು ಕಾಗದ ಇನ್ನೊಂದ್ಸಲ ತೆಗೆದು ನೋಡಿದೆ. ಕೆಳಗಡೆ ಸಹಿ ನೋಡಿದೆ.” ಶಾಮಣ್ಣ ಈಗ ಅವನನ್ನು ನೇರವಾಗಿ ನೋಡಿದರು. “ನಿನ್ನ ಸಹಿ ಇತ್ತಯ್ಯ. ಮೂರ್ತಿ ಬರೆದಿದಾನೆ ಅಂದಮೇಲೆ ಮೂರು ಸಲ ಲೆಕ್ಕ ಹಾಕೇ ಬರೆದಿರ್ತಾನೆ ಅಂದ್ಕೊಂಡೆ.”

ಅವರು ಕಪಾಟಿನಿಂದ ನಕ್ಷೆಯನ್ನು ತೆಗೆದು ಮೇಜಿನ ಮೇಲೆ ಬಿಡಿಸಿದರು.

ಕೇಶವಮೂರ್ತಿ ಬಗ್ಗಿ ನೋಡಿದ. ಪೂರ್ವ, ಪಶ್ಚಿಮ ಎರಡು ಅರ್ಧಗಳೂ ಒಂದೇ ಅಳತೆಯವು, ಎರಡಕ್ಕೂ ಇದೊಂದೇ ನಕ್ಷೆ. ಸ್ಲ್ಯಾಬಿನ ಗೆರೆಗಳು ಅವನವು. ಅಕ್ಷರಗಳು ಅವನವು. ಟೇಕುಗಳಿಗೆ ಒಂದೊಂದು ಸಣ್ಣ ವೃತ್ತ, ಒಳಗೆ ಕತ್ತರಿ ಗುರುತು, ಅದೂ ಅವನ ರೂಢಿಯೇ. ಬೆರಳಿಟ್ಟು ಎಣಿಸಿದ, ಹದಿಮೂರು. ಬದಿಯ ಟಿಪ್ಪಣಿಯಲ್ಲೂ ಹದಿಮೂರು. ಗ್ಯಾಲರಿಯ ಜಾಗ ಖಾಲಿ. ಕೆಳಗೆ ಕೆ. ಎಂ. ಎಂಬ ಅವನ ಸಹಿ.

ಅವನು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡ. ಆ ಮೂಲೆಯಲ್ಲಿ ಕಾಗದದ ಮೈ ಹಳೆಯ ಟವೆಲಿನಂತೆ ಸ್ವಲ್ಪ ಜುಂಗು ಎದ್ದಿತ್ತು. ಮಳೆಗಾಲದ ಥಂಡಿ ಹಿಡಿದಿರಬೇಕು. ಅಂಚಿನಲ್ಲಿ ಎಲೆ-ಅಡಿಕೆಯ ಉಗುಳು ಸಿಡಿದಂಥ ಕಂದು ಚುಕ್ಕೆ. ಅವನ ಕಣ್ಣು ಅಲ್ಲಿ ನಿಲ್ಲಲಿಲ್ಲ. ಆ ಹದಿಮೂರನ್ನೇ ನೋಡುತ್ತಿತ್ತು.

ಆಫೀಸಿನ ನಕ್ಷೆಗಳ ಮೇಲೆ ಕೆಲಸದ ನಂಬರು ಮಾತ್ರ ಇರುತ್ತಿತ್ತು, ಇದು ಈ ಕಟ್ಟಡದ್ದೆಂದು ಅವನಿಗೆ ತಿಳಿದದ್ದು ಈಗಲೇ. ಇದನ್ನು ಬರೆದ ದಿನ ಯಾವುದು? ಆಗಸ್ಟ್ ಕೊನೆ. ಅಂದು ಲೋಕಲ್ ತಡವಾಗಿತ್ತು, ಹೆಂಡತಿ ಸರಸ್ವತಿಗೆ ಜ್ವರ ಇತ್ತು. ಹದಿನಾಲ್ಕು ಬರೆದೆನೆಂದು ಆಣೆ ಇಡಬಲ್ಲೆನೇ? ಅವನು ತನ್ನನ್ನೇ ಕೇಳಿಕೊಂಡ. ಇಡಲಾರೆ. ಹಾಲವ್ವನ ವಾಕ್ಯವನ್ನು ತಪ್ಪಾಗಿ ಕೇಳಿದ ಕಿವಿ ತನ್ನದೇ. ಅದೇ ಮನುಷ್ಯನ ಕೈ ಒಂದು ವೃತ್ತವನ್ನು ಬಿಟ್ಟಿರಲಾರದೇ?

“ನೋಡು,” ಶಾಮಣ್ಣ ದನಿ ತಗ್ಗಿಸಿದರು, “ಇವತ್ತು ಬೆಳಿಗ್ಗೆ ನಿಮ್ಮ ರಾಯರು ಫೋನ್ ಮಾಡಿದ್ರು. ಪ್ರಿಂಟು ಸೈಟಿನಲ್ಲಿ ಉಳೀಬಾರದು, ಮೂರ್ತಿ ಬಂದರೆ ಅವನ ಕೈಲೇ ನಮ್ಮ ಆಫೀಸಿಗೆ ಕಳಿಸಿ, ಪೊಲೀಸರ ಕೈಗೆ ಹೋದರೆ ಹುಡುಗನಿಗೆ ತೊಂದರೆ ಅಂದ್ರು. ನಿನ್ನ ಒಳ್ಳೇದಕ್ಕೇ ಹೇಳಿದಾರೆ. ತಗೊಂಡು ಹೋಗು. ಇದು ಇಲ್ಲದಿದ್ದರೆ ನೀನೂ ಇಲ್ಲ, ನಾನೂ ಇಲ್ಲ. ಗದಿಗೆಪ್ಪನಿಗೆ ಒಳ್ಳೇ ವಕೀಲರನ್ನ ನಾನೇ ನೋಡ್ತೀನಿ.”

ರಾಯರು ಅವನ ಡಿಪ್ಲೊಮಾದ ಕೊನೆಯ ವರ್ಷ ಸಂಜೆ ಐದಕ್ಕೇ ಬಿಟ್ಟುಕೊಟ್ಟು ಓದಿಸಿದ್ದರು. ಈಗಲೂ ಅವನನ್ನು ಕಾಪಾಡುತ್ತಿದ್ದರು. ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ದಾದರಿನಲ್ಲಿ ಇಳಿದರೆ ಸಾಕು. ಕೇಶವಮೂರ್ತಿಗೆ ಆ ದಾರಿ ಕಣ್ಣಿಗೆ ಕಟ್ಟಿದಂತೆ ಕಂಡಿತು, ಪ್ಲಾಟ್‌ಫಾರಂ, ಮೆಟ್ಟಿಲು, ಆಫೀಸಿನ ಕಿಟಕಿಯ ಪಕ್ಕದ ತನ್ನ ಮೇಜು.

ಗಡಿಯಾರದಲ್ಲಿ ಒಂಬತ್ತೂವರೆ.

“ಮೊದಲು ಒಂದು ಚೀಟಿ ಬರೆಯಿರಿ,” ಎಂದ. “ಪೂರ್ವದ ಗ್ಯಾಲರಿಯ ಅಡಿಗೆ ಟೇಕು ಹಚ್ಚದೆ ಘಣ ಎತ್ತಕೂಡದು. ಒಂದು ಸಾಲದು, ಎರಡು ಹಚ್ಚಲಿ. ಮೇಲೆ ನಿಲ್ಲುವವರು ತೊಲೆಯಿಂದ ತೊಲೆಗೆ ಹಾಕಿದ ಹಲಗೆಯ ಮೇಲೇ ನಿಲ್ಲಲಿ, ಸ್ಲ್ಯಾಬಿನ ಮೇಲೆ ಯಾರೂ ಕಾಲಿಡಬಾರದು. ಒಡೆದ ಕಾಂಕ್ರೀಟಿನ ಚೂರು, ರಾಬಿಟ್ಟು, ಮೇಲೆಯೇ ಗುಡ್ಡೆ ಹಾಕಬಾರದು. ಕೆಳಗೆ ಹಗ್ಗ ಕಟ್ಟಿ ಜನರನ್ನು ಆಚೆ ಇಡಲಿ.”

ಶಾಮಣ್ಣ ಬರೆದರು. ಬರೆದು ಮುಗಿಸಿ ಚೀಟಿಯ ಜೊತೆ ನಕ್ಷೆಯನ್ನೂ ಅವನ ಕಡೆ ಸರಿಸಿದರು.

“ಎಲ್ಲಿಗೆ ತಗೊಂಡು ಹೋಗ್ತೀಯ ಇದನ್ನ?”

“ಠಾಣೆಗೆ. ನೀವೂ ಬನ್ನಿ.”

“ನಿನ್ನ ಸಹಿ ಇದೆ ಅದರಲ್ಲಿ.”

“ಅದಕ್ಕೇ ನಾನು ಹೋಗಬೇಕು,” ಎಂದ ಕೇಶವಮೂರ್ತಿ. ಧೈರ್ಯ ಎನ್ನುವಂಥದ್ದೇನೂ ಅವನ ದನಿಯಲ್ಲಿರಲಿಲ್ಲ.

ಶೆಟ್ಟೆಪ್ಪ ಚೀಟಿಯನ್ನು ಬೇರೊಬ್ಬರಿಂದ ಓದಿಸಿ ಕೇಳಿದ. ಗೋದಾಮಿನ ಮುಂದಿನ ಆ ಮರಕ್ಕೆ ಯಾರೂ ಕೈ ಹಚ್ಚದಂತೆ ಒಬ್ಬನನ್ನು ಕಾವಲಿಟ್ಟ. ಬೇರೆ ಎರಡು ದಪ್ಪ ಬಲ್ಲಿ ತರಿಸಿ, ಗ್ಯಾಲರಿಯ ತುದಿಗೆ ತಾನೇ ನಿಂತು ಬೆಣೆ ಹೊಡೆದ. ಹೊರಗಿನದಕ್ಕೆ ತಟ್ಟಿ, ಕಿವಿ ಹಚ್ಚಿ, “ಲಾಭ,” ಎಂದ. ಅಟ್ಟಣಿಗೆಯವರು ಈ ಸಲ ನಗಲಿಲ್ಲ.

ಠಾಣೆಯಲ್ಲಿ ದಳವಿ ಅವನು ಹೇಳಿದ್ದನ್ನೆಲ್ಲ ಅಡ್ಡ ಬಾಯಿ ಹಾಕದೆ ಕೇಳಿದರು. ಶಾಮಣ್ಣ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ತಾನು ನಿನ್ನೆ ಬರೆದುಕೊಟ್ಟದ್ದು ತಪ್ಪು, ತಪ್ಪು ಸಾಕ್ಷಿಯದಲ್ಲ, ದುಭಾಷಿಯದು ಎಂದು ಕೇಶವಮೂರ್ತಿ ಬರವಣಿಗೆಯಲ್ಲೇ ಕೊಟ್ಟ. ಲಾಭ ಎಂಬುದಕ್ಕೆ ಬಂದಾಗ ದಳವಿಯವರ ಹುಬ್ಬು ಗಂಟಿಕ್ಕಿತು. ತಮ್ಮ ಅಜ್ಜಿಯೂ ಭತ್ತ ಅಳೆಯುವಾಗ ಮೊದಲನೆಯ ಅಳತೆಗೆ ಲಾಭ ಎನ್ನುತ್ತಿದ್ದಳೆಂದು ಮರಾಠಿಯಲ್ಲಿ ತಮಗೆ ತಾವೇ ಎಂಬಂತೆ ಹೇಳಿಕೊಂಡರು. ಆಮೇಲೆ ಫೈಲು ತಿರುವಿ ಇನ್ನೊಂದು ಹಾಳೆ ತೆಗೆದರು. ಗದಿಗೆಪ್ಪನೇ ತನ್ನ ಮುರುಕು ಹಿಂದಿಯಲ್ಲಿ ಹೇಳಿದ್ದ, ‘ಲಾಭ ಮೈಂನೇ ರಖಾ ಥಾ.’ ಟೇಕು ನಾನು ಇಟ್ಟಿದ್ದೆ ಎಂಬುದನ್ನು ಅವರು ಲಾಭ ನಾನು ಇಟ್ಟುಕೊಂಡೆ ಎಂಬ ತಪ್ಪೊಪ್ಪಿಗೆಯೆಂದು ಬರೆದುಕೊಂಡಿದ್ದರು. ಅದರ ಮೇಲೆ ಕೆಂಪು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದರು.

ನಕ್ಷೆಯ ಸಹಿ ಯಾರದೆಂದು ಕೇಳಿದರು.

“ನನ್ನದು,” ಎಂದ ಕೇಶವಮೂರ್ತಿ.

ದಳವಿ ಪೆನ್ಸಿಲು ಕೆಳಗಿಟ್ಟರು. ಹಾಗಾದರೆ ಮೂರು ಗಂಟೆಗೆ ಕೋರ್ಟಿಗೆ ಬರಬೇಕಾದವರು ಬೇರೆಯವರಾಗಬಹುದು ಎಂದರು. ಗದರಿಸುವ ದನಿಯಲ್ಲಿ ಅಲ್ಲ. ನಂತರ ಗದಿಗೆಪ್ಪನನ್ನು ಕರೆಸಿದರು.

ಅಗಲ ಎದೆಯ, ನರೆತ ಮೀಸೆಯ ಆಳು. ಒಂದು ರಾತ್ರಿಗೇ ಕಣ್ಣು ಒಳಗೆ ಹೋಗಿದ್ದವು. ಟೇಕಿನ ವಿಷಯ ತಿಳಿಯಿತು, ನಕ್ಷೆಯಲ್ಲೇ ಟೇಕು ಇರಲಿಲ್ಲ, ನಕ್ಷೆ ಬರೆದವರು ಈ ಕೇಶವಮೂರ್ತಿ ಎಂದು ದಳವಿ ಹಿಂದಿಯಲ್ಲಿ ಹೇಳಿದರು.

ಗದಿಗೆಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಕನ್ನಡದಲ್ಲೇ ಹೇಳಿದ, “ಇವರು ಕೇಶವಮೂರ್ತಿ ಅಲ್ಲರಿ.”

ದಳವಿ ತಲೆ ಎತ್ತಿ ಕೇಶವಮೂರ್ತಿಯ ಕಡೆ ನೋಡಿದರು.

“ನಾನೇ ಕೇಶವಮೂರ್ತಿ, ಮೇಸ್ತ್ರಿ,” ಎಂದ ಅವನು.

“ನೀವು ನಿನ್ನಿ ಹಾಲವ್ವನ ಮಾತು ಬರಕೊಂಡಾವ್ರು. ಕೇಶವಮೂರ್ತಿನ್ನ ನಾ ಕಂಡೀನಿ. ಶನಿವಾರ ಮಧ್ಯಾಹ್ನ ದಾದರದಾಗ ನಿಮ್ಮ ಆಫೀಸಿಗೆ ಹೋಗಿದ್ನಿ. ಈ ಕಾಗದದಾಗ ಹೊರಗಿನ ಟೇಕು ಇತ್ತು. ಅದನ್ನ ಸ್ಲ್ಯಾಬು ಒಡ್ಯಾಕಿನ ಮದಲ ಹಚ್ಚಬೇಕೋ, ಒಡದ ಮ್ಯಾಲ ಹಚ್ಚಬೇಕೋ ಕೇಳಾಕಂತ. ಬರದಾವ್ರ ಹೆಸರು ಕೇಶವಮೂರ್ತಿ ಅಂತ ಸೈಟಿನ್ಯಾಗ ಹೇಳಿದ್ರು. ಅವರು ಯಾರು ಅಂದ್ನಿ. ಕಿಡಕಿ ಬಾಜೂಕ ಮೇಜಿಗೆ ಕುಂತಾವ್ರು ನಾನ ಅಂದ್ರು. ಆಫೀಸಿನ್ಯಾಗ ಮತ್ಯಾರೂ ಇದ್ದಿಲ್ಲ.”

ಶನಿವಾರ ಆಫೀಸು ಒಂದು ಗಂಟೆಗೆ ಮುಗಿಯುತ್ತದೆ. ಕೇಶವಮೂರ್ತಿ ಒಂದೂಹತ್ತರ ಲೋಕಲ್ ಹಿಡಿದಿದ್ದ.

“ಹೊರಗಿನ ಟೇಕು ಬ್ಯಾಡ ಅಂದ್ರು,” ಗದಿಗೆಪ್ಪ ಮುಂದುವರಿಸಿದ. “ಅರ್ಧ ಬ್ಲೇಡಿಲೆ ಅದನ್ನ ಕೆರದು ತಗದ್ರು, ಬಾಜೂಕ ಅಂಕಿ ತಿದ್ದಿದ್ರು. ಬ್ಲೇಡು ಹೆಬ್ಬಟ್ಟಿಗಿ ನಟ್ಟು ರಕ್ತ ಬಂತು. ನನ್ನ ಟಾವೆಲಿನ ತುದಿ ಹರದು ನಾನ ಕಟ್ಟೀನಿ. ಆದ್ರೂ ಮನಸ್ಸ ಒಪ್ಪಲಿಲ್ಲ, ಮಂಗಳವಾರ ಟೇಕು ಹಚ್ಚೇಬಿಟ್ನಿ.”

ಕೇಶವಮೂರ್ತಿ ಅಷ್ಟನ್ನೂ ಇಂಗ್ಲಿಷಿನಲ್ಲಿ ತಿಳಿಸಿದ ಮೇಲೆ, ಇದನ್ನು ನಿನ್ನೆಯೇ ಏಕೆ ಹೇಳಲಿಲ್ಲವೆಂದು ದಳವಿ ಕೇಳಿದರು. ಕೇಶವಮೂರ್ತಿ ಪ್ರಶ್ನೆಯನ್ನು ಕನ್ನಡದಲ್ಲಿ ಇಟ್ಟ.

“ಕಾಗದದ ಮಾತು ಯಾರು ಕೇಳಿದ್ರು? ಲಾಭ ಯಾರಿಗಿ ಕೊಟ್ಟಿ, ಲಾಭ ಎಲ್ಲಿಟ್ಟಿ, ಅದನ್ನ ಕೇಳಿದ್ರು ರಾತ್ರಿಯೆಲ್ಲಾ.”

ಕೇಶವಮೂರ್ತಿ ನಕ್ಷೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಗ್ಯಾಲರಿಯ ಮೂಲೆಯಲ್ಲಿ, ಜುಂಗು ಎದ್ದ ಕಡೆ, ಕಾಗದ ತೆಳ್ಳಗಾಗಿ ನಾಕಾಣೆಯಷ್ಟು ಅಗಲದ ಬೆಳಕು ಇತ್ತ ಬರುತ್ತಿತ್ತು. ಹದಿಮೂರರ ಮೂರರ ಹಿಂದೆಯೂ ಅಂಥದೇ ಬೆಳಕು. ಅಂಚಿನ ಕಂದು ಚುಕ್ಕೆ ಎಲೆ-ಅಡಿಕೆಯದಲ್ಲ. ಅವನು ಹದಿನಾಲ್ಕೇ ಬರೆದಿದ್ದ. ಬೆಳಿಗ್ಗೆಯಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಜಾರಿ ಬಿದ್ದಂತೆ ಅವನು ದೀರ್ಘವಾಗಿ ಉಸಿರು ಬಿಟ್ಟ.

ಉಸಿರು ಅರ್ಧದಲ್ಲೇ ನಿಂತಿತು. ಕಿಟಕಿಯ ಪಕ್ಕದ ಆ ಮೇಜು ತನ್ನದು, ಶನಿವಾರ ಎಲ್ಲರೂ ಹೋದ ಮೇಲೆ ಆಫೀಸಿನಲ್ಲಿ ಉಳಿಯುವವರು ರಾಯರೊಬ್ಬರೇ.

ಪೇದೆ ಗದಿಗೆಪ್ಪನ ಗಂಟನ್ನು ತಂದು ಮೇಜಿನ ಮೇಲೆ ಬಿಚ್ಚಿದ. ತಂಬಾಕಿನ ಚೀಲ, ಸುಣ್ಣದ ಡಬ್ಬಿ, ಮಡಚಿದ ಟವೆಲು. ಕೆಂಪು ಚೌಕಳಿ. ಒಂದು ತುದಿ ಅಂಕುಡೊಂಕಾಗಿ ಹರಿದಿತ್ತು.

ಕೇಶವಮೂರ್ತಿಯ ಪ್ಯಾಂಟಿನ ಜೇಬಿನೊಳಗೆ ಏನಿದೆಯೆಂದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದು ಅಲ್ಲೇ ಇದ್ದರೆ ಮುಂದೆಯೂ ಗೊತ್ತಾಗುತ್ತಿರಲಿಲ್ಲ. ಮನೆಗೆ ಹೋಗುವಾಗ ಲೋಕಲ್ಲಿನ ಬಾಗಿಲಿನಿಂದ ಬಿಟ್ಟರೆ ಗಾಳಿ ಒಯ್ಯುತ್ತಿತ್ತು. ಅವನು ಹಾಲವ್ವನ ಪಕ್ಕದಲ್ಲಿ ಜೋಡಿಸಿಟ್ಟಿದ್ದ ಟೈರಿನ ಚಪ್ಪಲಿಗಳನ್ನು ನೆನೆದ.

ಬಟ್ಟೆಯ ಚೂರನ್ನು ಹೊರತೆಗೆದು, ಟವೆಲಿನ ಹರಿದ ತುದಿಯ ಪಕ್ಕ ಇಟ್ಟು, ಬೆರಳಿನಿಂದ ನೇರ ಮಾಡಿದ. ಚೌಕಳಿಯ ಗೆರೆಗೆ ಗೆರೆ ಕೂಡಿತು. ಇಂಕಿನ ಕಪ್ಪಿನ ಅಡಿಯಲ್ಲಿ ಕಂದು ಕಲೆ ಇನ್ನೂ ಕಾಣುತ್ತಿತ್ತು.

“ಇದು ಸೋಮವಾರ ನನ್ನ ಡ್ರಾಯರಿನಲ್ಲಿ ಸಿಕ್ಕಿತು,” ಎಂದ. ಆ ಮಾತು ಎಷ್ಟು ಪೊಳ್ಳೆಂದು ಅವನ ಕಿವಿಗೇ ಕೇಳಿಸಿತು.

“ಇವರಲ್ರಿ,” ಎಂದ ಗದಿಗೆಪ್ಪ ಮತ್ತೆ. ಆದರೆ ಕನ್ನಡದಲ್ಲಿ ಎಂದ, ಮತ್ತು ಅದನ್ನು ದಳವಿಯವರಿಗೆ ತಿಳಿಸಬೇಕಾದ ದುಭಾಷಿ ಕೇಶವಮೂರ್ತಿಯೇ.

ದಳವಿ ಬಟ್ಟೆಯನ್ನು ನೋಡಿದರು. ಅವನ ಮುಖವನ್ನು ನೋಡಿದರು. ಪೇದೆಗೆ ಬಾಗಿಲು ಮುಚ್ಚಲು ಹೇಳಿ, ಹೆಬ್ಬೆರಳು ತೋರಿಸಿ ಎಂದರು.

ನಕ್ಷೆ ಬರೆಯುವವನ ಹೆಬ್ಬೆರಳಿನಲ್ಲಿ ಬ್ಲೇಡಿನ ಗೀರಿಲ್ಲದ ವಾರವೇ ಇರುವುದಿಲ್ಲ. ಕೇಶವಮೂರ್ತಿ ಕೈಯನ್ನು ಮೇಜಿನ ಮೇಲೆ, ಬೆಳಕಿಗೆ ಇಟ್ಟ.